ಘಾಟಿ ಇಳಿಯುವಾಗ ಗೇರಿನ ಮಾತು

2014ರಲ್ಲಿ ಮಾರುತಿ ಸೆಲೆರಿಯೊ ಬಂದಮೇಲೆ, ಕ್ಲಚ್ಚು ತುಳಿಯಬೇಕಿಲ್ಲದ ಸ್ವಯಂಚಾಲಿತ ಗೇರಿನ ಕಾರು ಮಧ್ಯಮವರ್ಗದ ನಮ್ಮ ಕೈಗೂ ಎಟುಕಿತು. ಮುಂಬಯಿಯಿಂದ ಊರಿಗೆ ಹೊರಟಾಗ 'ಡಿ'ಗೆ ಹಾಕಿ ನಾವು ನಿಶ್ಚಿಂತರಾಗುತ್ತೇವೆ. ಸಮತಟ್ಟಾದ ರಸ್ತೆಯಲ್ಲಿ ಅದು ಸರಿಯೇ; ಬೇಗನೆ ಮೇಲಿನ ಗೇರಿಗೆ ಏರಿ ಪೆಟ್ರೋಲು ಉಳಿಸುತ್ತದೆ. 'ಎಸ್', ಎಂದರೆ ಸ್ಪೋರ್ಟ್, ಇದ್ದ ಕಾರುಗಳಲ್ಲಿ ಅದು ಕೆಳಗಿನ ಗೇರನ್ನೇ ಹೆಚ್ಚು ಹೊತ್ತು ಹಿಡಿದಿರುತ್ತದೆ. ಲಾರಿಯನ್ನು ದಾಟಲು ಅನುಕೂಲ, ಆದರೆ ಖರ್ಚು ಹೆಚ್ಚು.

ಊರಿನಿಂದ ಹಿಂದಿರುಗುವಾಗ ಖಂಬಾಟ್ಕಿ, ಖಂಡಾಳಾ ಘಾಟಿಗಳನ್ನು ಇಳಿಯಬೇಕಷ್ಟೆ. ಅಲ್ಲಿ ನ್ಯೂಟ್ರಲಿಗೆ ಹಾಕಿದರೆ ಪೆಟ್ರೋಲು ಉಳಿಯುವುದೆಂಬ ನಂಬಿಕೆ ನಮ್ಮಲ್ಲಿ ಹಲವರಿಗುಂಟು. ಈಗಿನ ಎಂಜಿನುಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಕಾರು ಗೇರಿನಲ್ಲಿದ್ದು ನಾವು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ; ಪೆಟ್ರೋಲಿನ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನು ಆರದಿರಲು ಪೆಟ್ರೋಲು ಉರಿಯುತ್ತಲೇ ಇರಬೇಕು. ಮೇಲಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳಬಹುದು.

ಆದುದರಿಂದ ಇಳಿಜಾರಿಗೆ ಮುನ್ನವೇ ವೇಗ ತಗ್ಗಿಸಿ, ಕಾರಿನಲ್ಲಿರುವಂತೆ 'ಎಂ' ಇಲ್ಲವೆ 'ಎಲ್'ಗೆ ಬದಲಾಯಿಸಿ, ಕೆಳಗಿನ ಗೇರಿನಲ್ಲೇ ಇಳಿಯೋಣ. ಆಗ ಎಂಜಿನು ಗುರ್ರೆಂದರೆ ಗಾಬರಿ ಬೇಡ. ಅದೇ ಕಾರನ್ನು ಹಿಡಿದು ನಿಧಾನಿಸುವ ಸದ್ದು. ಹಿಂದಿನ ಸೀಟಿನಲ್ಲಿ ಅಜ್ಜಿಯೂ ಮಕ್ಕಳೂ ನಮ್ಮನ್ನೇ ನಂಬಿ ಕುಳಿತಿರುತ್ತಾರೆ. ಪೆಟ್ರೋಲಿನ ಉಳಿತಾಯವೂ ಅವರ ಕ್ಷೇಮವೂ ಇಲ್ಲಿ ಒಂದೇ ದಾರಿಯಲ್ಲಿವೆ.