ಮೃದು ಶಾಂಪೂ: ಪಟ್ಟಿಯ ಮಾತು ಮತ್ತು ಒಳಗಿನ ಲೆಕ್ಕ

ಸೀಗೆಕಾಯಿ, ಅಂಟುವಾಳಗಳಿಂದ ತಲೆ ತೊಳೆಯುತ್ತಿದ್ದ ನಾಡಿನಲ್ಲಿ ಇಂದು ‘ಸಲ್ಫೇಟ್ ರಹಿತ’, ‘ಮೃದು’ ಎಂಬ ಪಟ್ಟಿಗಳನ್ನು ಹೊತ್ತ ಶಾಂಪೂ ಹಾಗೂ ಮುಖ ತೊಳೆಯುವ ದ್ರವಗಳು ಅಂಗಡಿಗಳ ಕಪಾಟುಗಳನ್ನು ತುಂಬಿವೆ. ದೊಡ್ಡ ಕಂಪನಿಗಳ ಜೊತೆಗೆ ಸಣ್ಣ ಘಟಕಗಳೂ ಈ ಮಾರುಕಟ್ಟೆಯನ್ನು ಪ್ರವೇಶಿಸಿವೆ. ಈ ಉದ್ದಿಮೆದಾರರು ಎರಡು ಸಂಗತಿಗಳನ್ನು ಮನಗಾಣುವುದು ಅಗತ್ಯ. ಮೃದುತ್ವವು ಯಾವುದೋ ಒಂದು ಪದಾರ್ಥವನ್ನು ಕೈಬಿಡುವುದರಿಂದ ಬರುವುದಿಲ್ಲ, ಇಡೀ ಮಿಶ್ರಣದಿಂದ ಬರುತ್ತದೆ. ಹಾಗೆಯೇ, ಅದರ ವೆಚ್ಚವು ಕಚ್ಚಾ ಮಾಲಿನ ದರಪಟ್ಟಿಯಷ್ಟರಿಂದಲೇ ತಿಳಿಯುವುದಿಲ್ಲ.

ಮೃದುತ್ವದ ಮೂಲ

ಕೊಳೆ ಹಾಗೂ ಜಿಡ್ಡನ್ನು ನೀರಿನೊಂದಿಗೆ ಬೆರೆಸಿ ಹೊರಹಾಕುವ ಪದಾರ್ಥಗಳಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಇವುಗಳಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ಎಸ್‌ಎಲ್‌ಎಸ್, ಚರ್ಮದ ಪ್ರೋಟೀನಿಗೆ ಅಂಟಿಕೊಂಡು ಅದರ ಸಹಜ ಜಿಡ್ಡನ್ನೂ ಸೆಳೆಯುತ್ತದೆ. ಇದರ ಸಂಬಂಧಿಯಾದ ಸೋಡಿಯಂ ಲಾರೆತ್ ಸಲ್ಫೇಟ್, ಅಂದರೆ ಎಸ್‌ಎಲ್‌ಇಎಸ್, ಹೆಸರಿನಲ್ಲಿ ಸಲ್ಫೇಟ್ ಇದ್ದರೂ ಅದಕ್ಕಿಂತ ಸೌಮ್ಯವಾದುದು. ಇದಕ್ಕೆ ಕೊಕಮಿಡೊಪ್ರೊಪೈಲ್ ಬೀಟೇನ್ ಬೆರೆಸಿದಾಗ ಎರಡೂ ಪದಾರ್ಥಗಳ ಕಣಗಳು ಒಟ್ಟುಗೂಡುತ್ತವೆ; ಬಿಡಿಯಾಗಿ ಚರ್ಮವನ್ನು ತಾಕುವ ಕಣಗಳು ಕಡಿಮೆಯಾಗಿ ಉರಿಯೂ ತಗ್ಗುತ್ತದೆ.

ಇನ್ನೊಂದೆಡೆ, ಸೋಡಿಯಂ ಓಲೆಫಿನ್ ಸಲ್ಫೋನೇಟ್ ಬಳಸಿದ ಶಾಂಪೂವನ್ನು ‘ಸಲ್ಫೇಟ್ ರಹಿತ’ ಎನ್ನಲು ಅಡ್ಡಿಯಿಲ್ಲ. ಆದರೆ ಅದೂ ಪ್ರಬಲವಾಗಿ ಜಿಡ್ಡು ತೆಗೆಯುವ ಪದಾರ್ಥವೇ. ಪಟ್ಟಿಯ ಮೇಲಿನ ‘ರಹಿತ’ ಎಂಬ ಮಾತು ಮೃದುತ್ವಕ್ಕೆ ಪ್ರಮಾಣಪತ್ರವಾಗಲಾರದು.

ಸೌಮ್ಯವೆಂದು ಹೆಸರಾದ ಪದಾರ್ಥಗಳೂ ದೋಷಮುಕ್ತವಲ್ಲ. ಚರ್ಮದ ಅಲರ್ಜಿಯನ್ನು ಅಧ್ಯಯನ ಮಾಡುವ ಅಮೆರಿಕದ ವೈದ್ಯರ ಸಂಘವು 2004ರಲ್ಲಿ ಕೊಕಮಿಡೊಪ್ರೊಪೈಲ್ ಬೀಟೇನನ್ನೂ, 2017ರಲ್ಲಿ ಗ್ಲುಕೋಸೈಡ್‌ಗಳನ್ನೂ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಬೀಟೇನ್‌ನ ತೊಂದರೆಗೆ ಬಹುಮಟ್ಟಿಗೆ ತಯಾರಿಕೆಯಲ್ಲಿ ಉಳಿಯುವ ಕಲ್ಮಶಗಳೇ ಕಾರಣ. ಆದುದರಿಂದ ಪ್ರತಿ ತಂಡದ ಮಾಲಿನೊಂದಿಗೆ ಪೂರೈಕೆದಾರರಿಂದ ಪರೀಕ್ಷಾ ವರದಿ ಪಡೆಯುವುದು ಒಳಿತು. ರಫ್ತುದಾರರಿಗೆ ಮತ್ತೊಂದು ಎಚ್ಚರಿಕೆಯಿದೆ. ಎಸ್‌ಎಲ್‌ಇಎಸ್ ತಯಾರಿಕೆಯಲ್ಲಿ 1,4-ಡಯಾಕ್ಸೇನ್ ಅಲ್ಪ ಪ್ರಮಾಣದಲ್ಲಿ ಉಳಿಯಬಹುದು. ನ್ಯೂಯಾರ್ಕ್ ರಾಜ್ಯವು ಶಾಂಪೂವಿನಂತಹ ಉತ್ಪನ್ನಗಳಲ್ಲಿ ಇದರ ಮಿತಿಯನ್ನು 2023ರ ಡಿಸೆಂಬರ್ 31ರಿಂದ ಹತ್ತು ಲಕ್ಷಕ್ಕೆ 1 ಭಾಗಕ್ಕೆ ಇಳಿಸಿದೆ.

ಕಿಲೋ ದರವಲ್ಲ, ಸಕ್ರಿಯ ಅಂಶದ ದರ

ಈ ಪದಾರ್ಥಗಳು ಬಹುಪಾಲು ನೀರು ಬೆರೆತ ರೂಪದಲ್ಲೇ ಮಾರಾಟವಾಗುತ್ತವೆ. ಬೀಟೇನ್ ಸಾಮಾನ್ಯವಾಗಿ ಶೇ. 30ರ ಆಸುಪಾಸಿನಲ್ಲಿ, ಡಿಸೈಲ್ ಗ್ಲುಕೋಸೈಡ್ ಶೇ. 50ರ ಆಸುಪಾಸಿನಲ್ಲಿ ಸಕ್ರಿಯ ಅಂಶವನ್ನು ಹೊಂದಿರುತ್ತದೆ. ಎಸ್‌ಎಲ್‌ಇಎಸ್ ಶೇ. 28 ಮತ್ತು ಶೇ. 70ರ ಎರಡು ದರ್ಜೆಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ, ಶೇ. 30 ಸಕ್ರಿಯ ಅಂಶದ ಮಾಲು ಕಿಲೋಗೆ 90 ರೂಪಾಯಿ, ಶೇ. 50ರ ಮಾಲು 140 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದರ ಸಕ್ರಿಯ ಅಂಶಕ್ಕೆ ಕಿಲೋಗೆ 300 ರೂಪಾಯಿ ಬಿದ್ದರೆ, ಎರಡನೆಯದಕ್ಕೆ ಬೀಳುವುದು 280 ರೂಪಾಯಿ. ದುಬಾರಿಯಾಗಿ ಕಂಡದ್ದೇ ಅಗ್ಗವಾಯಿತು. ನೀರಿಗೆ ತೆರುವ ಸಾಗಣೆ ವೆಚ್ಚವೂ ಉಳಿಯಿತು.

ಇದರೊಂದಿಗೆ ಮರೆಯಬಾರದ ಇನ್ನೊಂದು ವೆಚ್ಚವಿದೆ. ಎಸ್‌ಎಲ್‌ಇಎಸ್ ಮತ್ತು ಬೀಟೇನ್ ಮಿಶ್ರಣವು ಅಡುಗೆ ಉಪ್ಪಿನಿಂದಲೇ ಗಟ್ಟಿಯಾಗುತ್ತದೆ. ಗ್ಲುಕೋಸೈಡ್ ಪ್ರಧಾನವಾದ ಮಿಶ್ರಣವು ಉಪ್ಪಿಗೆ ಅಷ್ಟಾಗಿ ಒಲಿಯದ ಕಾರಣ ಕ್ಸಾಂಥನ್ ಗೋಂದಿನಂತಹ ಪದಾರ್ಥ ಬೇಕಾಗುತ್ತದೆ. ಮಾರಾಟ ಬೆಲೆ ನಿಗದಿಪಡಿಸುವ ಮುನ್ನ ಇದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ತೆರಿಗೆಯ ತಿರುವು

2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಗ್ರಾಹಕರಿಗೆ ಇದು ಸಂತಸದ ಸುದ್ದಿ. ಆದರೆ ಸರ್ಫ್ಯಾಕ್ಟಂಟ್ ಹಾಗೂ ಪ್ಲಾಸ್ಟಿಕ್ ಬಾಟಲಿಗಳ ದರ ಶೇ. 18ರಲ್ಲೇ ಉಳಿದಿದೆ. ಮುಖ ತೊಳೆಯುವ ದ್ರವಕ್ಕೂ ಶೇ. 18ರ ದರವೇ ಅನ್ವಯ. ಎರಡನ್ನೂ ತಯಾರಿಸುವ ಘಟಕವು ಬಿಲ್ಲಿನಲ್ಲಿ ವರ್ಗೀಕರಣವನ್ನು ತಪ್ಪದೆ ಪಾಲಿಸಬೇಕು.

ಶಾಂಪೂ ಮಾತ್ರ ತಯಾರಿಸುವ ಘಟಕವೊಂದು 100 ರೂಪಾಯಿ ಮಾರಾಟಕ್ಕೆ 60 ರೂಪಾಯಿಯ ಸರಕನ್ನೂ, ಜಾಹೀರಾತು, ಬಾಡಿಗೆ ಮುಂತಾದ 20 ರೂಪಾಯಿಯ ಸೇವೆಗಳನ್ನೂ ಶೇ. 18ರ ದರದಲ್ಲಿ ಕೊಂಡಿದೆ ಎನ್ನೋಣ. ಸರಕಿನ ಮೇಲೆ 10.80, ಸೇವೆಯ ಮೇಲೆ 3.60, ಒಟ್ಟು 14.40 ರೂಪಾಯಿ ತೆರಿಗೆ ಜಮೆಯಾಗುತ್ತದೆ. ಮಾರಾಟದ ಮೇಲಿನ ತೆರಿಗೆ 5 ರೂಪಾಯಿ ಮಾತ್ರವಾದುದರಿಂದ 9.40 ರೂಪಾಯಿ ಉಳಿಯುತ್ತದೆ. ಕೇಂದ್ರ ಜಿಎಸ್‌ಟಿ ಕಾಯಿದೆಯ ಸೆಕ್ಷನ್ 54(3)ರಡಿ ಮರುಪಾವತಿ ಕೋರಬಹುದು. ಆದರೆ ನಿಯಮ 89(5)ರ ಸೂತ್ರದಂತೆ ದೊರೆಯುವುದು 7.05 ರೂಪಾಯಿ. ಸೇವೆಗಳಿಗೆ ಸಂಬಂಧಿಸಿದ 2.35 ರೂಪಾಯಿ ಲೆಕ್ಕಪುಸ್ತಕದಲ್ಲೇ ಉಳಿಯುತ್ತದೆ. ಪ್ರಚಾರಕ್ಕೆ ಹೆಚ್ಚು ಖರ್ಚು ಮಾಡಿದಷ್ಟೂ ಹೀಗೆ ಸಿಕ್ಕಿಬೀಳುವ ಹಣ ಹೆಚ್ಚುತ್ತದೆ. ಮರುಪಾವತಿ ಅರ್ಜಿಗೆ ಎರಡು ವರ್ಷಗಳ ಕಾಲಮಿತಿ ಇರುವುದನ್ನೂ ಗಮನಿಸಬೇಕು.

ಪರವಾನಗಿ ಮತ್ತು ಪಟ್ಟಿ

ಶಾಂಪೂ ತಯಾರಿಕೆಗೆ 2020ರ ಸೌಂದರ್ಯವರ್ಧಕ ನಿಯಮಗಳಡಿ ರಾಜ್ಯದ ಪರವಾನಗಿ ಕಡ್ಡಾಯ. ಇತರರ ಕಾರ್ಖಾನೆಯಲ್ಲಿ ತಯಾರಿಸುವವರಿಗೆ ಸಾಲ ಪರವಾನಗಿಯ ಅವಕಾಶವಿದೆ. ಗ್ರಾಹಕರನ್ನು ದಾರಿ ತಪ್ಪಿಸುವ ಹೇಳಿಕೆಗಳಿಗೆ ಈ ನಿಯಮಗಳು ಎಡೆ ನೀಡುವುದಿಲ್ಲ. ‘ಮೃದು’ ಎಂದು ಅಚ್ಚು ಹಾಕಿಸುವ ಮುನ್ನ ಅದನ್ನು ಸಮರ್ಥಿಸುವ ಪರೀಕ್ಷಾ ವರದಿ ಕಡತದಲ್ಲಿರಬೇಕು. ಮಿಶ್ರಣದ ಗುಣ, ಸಕ್ರಿಯ ಅಂಶದ ದರ, ತೆರಿಗೆಯಲ್ಲಿ ಸಿಲುಕುವ ಬಂಡವಾಳ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದ ಬಳಿಕವೇ ಬೆಲೆ ನಿಗದಿ ಮಾಡುವುದು ಸಣ್ಣ ಉದ್ದಿಮೆದಾರರಿಗೆ ಕ್ಷೇಮಕರ.