ಗುಲಗಂಜಿ: ಎಲೆ ಸಿಹಿ, ಬೀಜ ವಿಷ

ಹಳ್ಳಿಯ ಬೇಲಿಯನ್ನು ಕಂಡವರಿಗೆ ಗುಲಗಂಜಿಯ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಹುಣಿಸೆಯೆಲೆಯನ್ನು ಹೋಲುವ ಎಲೆಗಳುಳ್ಳ ಈ ಕಾಡುಬಳ್ಳಿಯ ಕಾಯಿಗಳು ಒಣಗಿ ಬಿರಿದಾಗ, ಕೆಂಪು ಮೈಗೆ ಕರಿಯ ಬೊಟ್ಟಿಟ್ಟಂತಹ ಬೀಜಗಳು ಹೊಳೆಯುತ್ತವೆ.

ಅಕ್ಕಸಾಲಿಗರು ಸಮತೂಕದ ಕಾಳುಗಳನ್ನು ಆರಿಸಿ ಚಿನ್ನವನ್ನು ತೂಗುತ್ತಿದ್ದರು. 96 ಗುಂಜಿಗೆ ಒಂದು ತೊಲವೆಂಬುದು ಲೆಕ್ಕ. 1956ರ ಶಾಸನದ ಮೂಲಕ ಗ್ರಾಮಿನ ತೂಕವು ಜಾರಿಗೆ ಬಂದಿತು. ಆದರೂ ‘ಗುಲಗಂಜಿಯಷ್ಟು ಬಂಗಾರ’ವೆಂಬ ಮಾತು ನಮ್ಮ ನಾಲಗೆಯಿಂದ ಅಳಿದಿಲ್ಲ.

ಇದರ ಎಲೆಯು ಸಿಹಿ. ಬಾಯಿಹುಣ್ಣಿಗೂ ಗಂಟಲ ಕೆರೆತಕ್ಕೂ ಹಿರಿಯರು ಅದನ್ನು ಅಗಿಯುತ್ತಿದ್ದುದುಂಟು. ಬೀಜದ ಗುಣವಾದರೋ ತೀರ ಬೇರೆ. ಅದರೊಳಗೆ ಅಬ್ರಿನ್ ಎಂಬ ಘೋರವಿಷವಿರುವುದು. ಆಯುರ್ವೇದವು ಗುಂಜೆಯನ್ನು ಉಪವಿಷಗಳಲ್ಲಿ ಎಣಿಸಿ, ಹಾಲಿನಲ್ಲಿಯೋ ಕಾಂಜಿಯಲ್ಲಿಯೋ ಬೇಯಿಸಿ ಶೋಧಿಸದೆ ಬಳಸಲಾಗದೆಂದು ವಿಧಿಸಿದೆ. ಅದು ಬಲ್ಲ ವೈದ್ಯರ ಕೆಲಸ, ಮನೆಯಲ್ಲಿ ಮಾಡತಕ್ಕುದಲ್ಲ.

ಗಟ್ಟಿಯಾದ ಸಿಪ್ಪೆಯು ಒಡೆಯದಿದ್ದರೆ ವಿಷವು ಸುಲಭವಾಗಿ ಹೊರಬಾರದು. ಅಗಿದರೆ, ಅಥವಾ ಸರಕ್ಕೆಂದು ತೂತು ಕೊರೆದಿದ್ದರೆ, ಆ ಕಾವಲು ತಪ್ಪಿತು. ವಾಂತಿಭೇದಿಗಳು ಕೆಲವು ಗಂಟೆಗಳ ಮೇಲೆ, ಒಮ್ಮೊಮ್ಮೆ ಮರುದಿನವೂ, ತೋರಬಹುದು. ಇದಕ್ಕೆ ಪ್ರತಿವಿಷವಿಲ್ಲ. ಆದುದರಿಂದ ಮಗುವು ಒಂದೇ ಕಾಳನ್ನು ನುಂಗಿದರೂ, ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಗೃಹಿಣಿಯರೇ, ಕೂಸು ಆಡುವ ಮನೆಯಲ್ಲಿ ಈ ಚೆಲುವಿಗೆ ಎಡೆ ಬೇಡ. ಅಳಗುಳಿಮಣೆಗೆ ಹುಣಿಸೆಬೀಜ ಸಾಲದೇ?