ಕೆಲಸ ಸಿಗದ ಅಕ್ಟೋಬರ್‌ಗೆ ನಾಲ್ಕು ಜೊತೆಗಾರರು

ದಸರಾ ಮುಗಿಸಿ ಗೆಳೆಯರೆಲ್ಲ ಬೆಂಗಳೂರಿನ ಬಸ್ಸು ಹತ್ತಿದರು. ಮೂರನೇ ಸಂದರ್ಶನದಲ್ಲೂ ಫೇಲಾದ ನಾನು ಊರಲ್ಲೇ ಉಳಿದೆ. ‘ಕೆಲಸ ಸಿಕ್ತಾ?’ ಎಂಬ ಪ್ರಶ್ನೆಗೆ ಹೆದರಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದೆ. ಆ ದಿನಗಳನ್ನು ದಾಟಿಸಿದ್ದು ಈ ನಾಲ್ಕು.

ಓದಲು: ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕುತ್ತಾ ಕಾಡು ಅಲೆದವರಿಗೆ ಅದು ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಆದರೂ ಅಲೆದಿದ್ದು ದಂಡ ಅನಿಸುವುದಿಲ್ಲ. ನನಗೆ ಆಗ ಬೇಕಿದ್ದುದೇ ಆ ಮಾತು.

ಕೇಳಲು: ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು. ಬೆಳಿಗ್ಗೆ ಬೇಗ, ಇಯರ್‌ಫೋನ್ ಇಲ್ಲದೆ ಕೇಳಿ.

ನೋಡಲು: ‘ತಿಥಿ’. ಮಂಡ್ಯ ಕಡೆಯ ಹಳ್ಳಿಗರೇ ನಟಿಸಿದ ಸಿನಿಮಾ. ಎಷ್ಟೋ ದಿನಗಳ ನಂತರ ಅಪ್ಪ, ನಾನು ಒಟ್ಟಿಗೆ ನಕ್ಕೆವು.

ಅಡುಗೆಗೆ: ಹಸಿ ಕಡಲೆಕಾಯಿ. ಮಣ್ಣು ಹೋಗುವಂತೆ ತೊಳೆದು, ಮುಳುಗುವಷ್ಟು ನೀರು, ಕಲ್ಲುಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ. ಅರ್ಧ ಗಂಟೆ ಅದೇ ನೀರಿನಲ್ಲಿ ಬಿಡಿ, ಆಗಲೇ ಉಪ್ಪು ಒಳಗಿಳಿಯುವುದು.

ಸಿಪ್ಪೆ ಬಿಡಿಸುತ್ತಾ ಕೂತಾಗಲೇ ಅಮ್ಮನಿಗೆ ‘ಭಯ ಆಗ್ತಿದೆ’ ಅಂದೆ. ಅಮ್ಮ ಇನ್ನೊಂದು ಹಿಡಿ ನನ್ನ ಮುಂದೆ ಸುರಿದು, ‘ಮೊದಲು ತಿನ್ನು, ಆಮೇಲೆ ಅರ್ಜಿ ಹಾಕು’ ಅಂದಳು.

ಹಾಕಿದ್ದೇನೆ.